ಬಲಗೈ ಕಡೆ ದಕ್ಷಿಣ

ಐದನೇ ಕ್ಲಾಸಿನಲ್ಲಿ ನಮಗೆ ಮೊದಲು ಕಲಿಸಿದ್ದು ದಿಕ್ಕು. ಮೇಷ್ಟ್ರು ನಮ್ಮನ್ನೆಲ್ಲ ಸ್ಕೂಲಿನ ಮುಂದಿನ ಬಯಲಿಗೆ ಕರೆದುಕೊಂಡು ಹೋಗಿ, ಹುಟ್ಟುವ ಸೂರ್ಯನಿಗೆ ಮುಖ ಮಾಡಿಸಿ, ಎರಡೂ ಕೈ ಚಾಚ್ರೋ ಅಂದರು. ಮುಂದೆ ಪೂರ್ವ, ಬೆನ್ನಿಗೆ ಪಶ್ಚಿಮ, ಎಡಗೈ ಕಡೆ ಉತ್ತರ, ಬಲಗೈ ಕಡೆ ದಕ್ಷಿಣ. ಹತ್ತು ಸಲ ಕೂಗಿಸಿದರು. ಎಡಗೈ ಬಲಗೈ ಅಂದಾಗಲೆಲ್ಲ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಗುತ್ತಿದ್ದರು. ಯಾಕೆ ನಗುತ್ತಾರೆ ಅನ್ನೋದು ನಮಗೆ ಆಗಲೇ ಗೊತ್ತಿತ್ತು. ಹತ್ತು ವರ್ಷದ ಮಕ್ಕಳಿಗೆ ಭೂಗೋಳ ಗೊತ್ತಿರಲಿಕ್ಕಿಲ್ಲ, ಎಡಗೈಯವರು ಯಾರು ಬಲಗೈಯವರು ಯಾರು ಅನ್ನೋದು ಗೊತ್ತಿರುತ್ತದೆ.

ನಮ್ಮ ಕೇರಿ ಇರುವುದೂ ಆ ಬಲಗೈ ಕಡೆಗೇ. ಬಯಲಲ್ಲಿ ನಿಂತು ಬಲಗೈ ಚಾಚಿದರೆ ಬೆರಳ ತುದಿಗೆ ಸಿಗುವುದು ಮೊದಲು ತಿಪ್ಪೆಗಳು, ಆಮೇಲೆ ಹುಣಸೇಮರ, ಅದರಾಚೆ ನಮ್ಮ ಹಟ್ಟಿ. ಅದು ಹೇಗೋ ಹಾಗಾಗಿದೆ ಅಂತಲೇ ಬಹಳ ದಿನ ಅಂದುಕೊಂಡಿದ್ದೆವು. ಕಾಲೇಜಿಗೆ ಬಂದು ಬಾಬಾಸಾಹೇಬರನ್ನು ಓದಿದ ಮೇಲೆ ಕಣ್ಣಿಗೆ ಬಿತ್ತು. ಅಸ್ಪೃಶ್ಯರ ಮೇಲೆ ಊರು ಹೇರಿರುವ ಕಟ್ಟಳೆಗಳನ್ನು ಒಂದೊಂದಾಗಿ ಪಟ್ಟಿ ಮಾಡುವಾಗ ಅವರು ಇದನ್ನೂ ಬರೆದಿದ್ದಾರೆ: ಕೇರಿ ಊರಿನ ದಕ್ಷಿಣಕ್ಕೆ ಇರಬೇಕು, ಯಾಕೆಂದರೆ ನಾಲ್ಕು ದಿಕ್ಕಿನಲ್ಲಿ ದಕ್ಷಿಣ ಅಶುಭ. ಯಮನ ದಿಕ್ಕು. ಎಲ್ಲ ಊರಲ್ಲೂ ಹೀಗೇ ಇದೆ ಅಂತ ನಾವು ಹೇಳುವುದಿಲ್ಲ. ಹಳ್ಳ, ಗುಡ್ಡ, ಇಳಿಜಾರು ನೋಡಿಕೊಂಡು ಕೆಲವು ಕಡೆ ಮೂಡಲಿಗಿದೆ, ಕೆಲವು ಕಡೆ ಪಡುವಲಿಗಿದೆ. ಆದರೆ ಊರ ಕೊಳೆನೀರು ಹರಿದು ಬರುವ ಕಡೆಗೇ ಇರುತ್ತದೆ. ಮೇಷ್ಟ್ರು ಹೇಳಿಕೊಟ್ಟ ನಾಲ್ಕು ದಿಕ್ಕಿಗಿಂತ ಮುಂಚೆ ನಮಗೆ ಎರಡು ದಿಕ್ಕು ಗೊತ್ತಿದ್ದವು. ಊರ ಕಡೆ, ಕೇರಿ ಕಡೆ.

ಆರನೇ ಕ್ಲಾಸಿಗೆ ಬಂದಾಗ ಊರಿನ ನಕ್ಷೆ ಬರೆದುಕೊಂಡು ಬನ್ನಿ ಅಂದರು. ಕೇರಿಯ ನಾಲ್ಕು ಹುಡುಗರು ಸೇರಿ ಒಂದು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದೆವು. ಹುಣಸೇಮರ, ಹಳ್ಳ, ಸುಡುಗಾಡು, ಕಲ್ಲುಕ್ವಾರಿ, ನಮ್ಮ ಮಾರಮ್ಮನ ಗುಡಿ, ಯಾರ ಮನೆ ಯಾವುದು, ಯಾರ ಮನೆ ಮುಂದೆ ನುಗ್ಗೇಮರ, ಎಲ್ಲಾ ಇತ್ತು. ಊರಿನ ಹೆಬ್ಬೀದಿ ಒಂದು ಬಿಟ್ಟರೆ ಒಳಬೀದಿಗಳಿಗೆ ನಾವು ಕಾಲಿಟ್ಟವರಲ್ಲ. ಗೊತ್ತಿಲ್ಲದ್ದನ್ನು ಬರೆಯೋದು ಹೆಂಗೆ? ಅದಕ್ಕೆ ಮೂಲೆಯಲ್ಲಿ ಒಂದು ಸೊನ್ನೆ ಸುತ್ತಿ ಅದರೊಳಗೆ 'ಊರು' ಅಂತ ಬರೆದೆವು. ಊರಿನ ಹುಡುಗರು ಬರೆದ ನಕ್ಷೆಯಲ್ಲಿ ರಾಮಮಂದಿರ, ಡೈರಿ, ಪಂಚಾಯ್ತಿ ಆಫೀಸು, ಬೀದಿ ಬೀದಿಯೂ ಇತ್ತು. ನಾವಿರಲಿಲ್ಲ. ಕೇರಿ ಬರುವ ಹೊತ್ತಿಗೆ ಅವರ ಹಾಳೆ ಮುಗಿದು ಹೋಗಿತ್ತು. ಮೇಷ್ಟ್ರು ಎರಡನ್ನೂ ಮೇಜಿನ ಮೇಲೆ ಹರಡಿ, ನಮ್ಮ ಕಡೆ ನೋಡಿ, 'ಏನ್ರಲಾ ಇದು, ಊರೇ ಇಲ್ವಲ್ಲ' ಅಂದರು. ಹತ್ತಕ್ಕೆ ಎರಡು ಕೊಟ್ಟರು. ಅವರಿಗೆ ಎಂಟು. ಕೇರಿ ಎಲ್ಲಿ ಅಂತ ಅವರನ್ನು ಕೇಳಲಿಲ್ಲ.

ಆ ಮೇಷ್ಟ್ರು ಕೆಟ್ಟವರಲ್ಲ. ಬೈದವರಲ್ಲ, ಹೊಡೆದವರಲ್ಲ. ನಮಗೆ ಸಿಟ್ಟು ಬರುವುದು ಅವರ ಮೇಲಲ್ಲ. ಆ ಎಂಟಕ್ಕೂ ಎರಡಕ್ಕೂ ಒಂದು ಚರಿತ್ರೆ ಇದೆ. ಆ ಚರಿತ್ರೆಯನ್ನು ಯಾವ ಕ್ಲಾಸಿನಲ್ಲೂ ನಮಗೆ ಪಾಠ ಮಾಡಲಿಲ್ಲ. ಅದನ್ನು ಈಗ ನಾವೇ ಕೂಡಿಸಿಕೊಳ್ಳಬೇಕಾಗಿದೆ.

ಈ ದೇಶದಲ್ಲಿ ಭೂಗೋಳ ಅಂತ ಬಹಳ ಕಾಲ ನಡೆದದ್ದು ಪುರಾಣದ ಭೂಗೋಳ. ನಡುವೆ ಮೇರು, ಸುತ್ತ ಜಂಬೂದ್ವೀಪ, ಅದರ ಸುತ್ತ ಉಪ್ಪಿನ ಸಮುದ್ರ, ಆಮೇಲೆ ಕಬ್ಬಿನ ಹಾಲಿನದು, ಹೆಂಡದ್ದು, ತುಪ್ಪದ್ದು, ಮೊಸರಿನದು, ಹಾಲಿನದು, ಕಡೆಗೆ ಸಿಹಿನೀರಿನದು. 1835ರಲ್ಲಿ ಮೆಕಾಲೆ ಇಂಗ್ಲಿಷ್ ವಿದ್ಯೆಯ ಪರವಾಗಿ ಬರೆದಾಗ ಈ ಬೆಣ್ಣೆ ಬೆಲ್ಲದ ಸಮುದ್ರಗಳನ್ನು ಎತ್ತಿಕೊಂಡೇ ಗೇಲಿ ಮಾಡಿದ. ಅದಕ್ಕೆ ನಮ್ಮ ಪಂಡಿತರಿಗೆ ಇವತ್ತಿಗೂ ಅವನ ಮೇಲೆ ಕೋಪ. ನಮಗೆ ಈ ಜಗಳದಲ್ಲಿ ಪಾಲಿಲ್ಲ. ತುಪ್ಪದ ಸಮುದ್ರ ಇದೆ ಅಂತ ಓದಿಕೊಂಡವರ ಪಂಕ್ತಿಯಲ್ಲೂ ನಮ್ಮನ್ನು ಕೂರಿಸಿರಲಿಲ್ಲ, ಇಲ್ಲ ಅಂತ ಹೇಳಿಕೊಟ್ಟ ಸ್ಕೂಲಿಗೂ ಮೊದಮೊದಲು ಸೇರಿಸಲಿಲ್ಲ. ಏಳು ಸಮುದ್ರದ ಮಾತಿರಲಿ, ಊರ ಬಾವಿ ಮುಟ್ಟಿದರೆ ರಕ್ತ ಬರುತ್ತಿತ್ತು. ಚೌಡಾರ್ ಕೆರೆಯ ನೀರು ಮುಟ್ಟುವುದಕ್ಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕಟ್ಟಿಕೊಂಡು ಮಹಾಡಿನಲ್ಲಿ ನಡೆಯಬೇಕಾಯಿತು.

ಅಳತೆಯ ಭೂಗೋಳ ಬಂದದ್ದು ಟಿಪ್ಪು ಬಿದ್ದ ಮೇಲೆ. 1799ರ ಮೇನಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದ ನೆಲ ಎಷ್ಟು, ಹೇಗಿದೆ, ಕಂದಾಯ ಎಷ್ಟು ಹುಟ್ಟುತ್ತದೆ ಅನ್ನೋದು ಕಂಪನಿಗೆ ಬೇಕಾಯಿತು. ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆಗೆ ಇಳಿದ. 1800ರಲ್ಲಿ ಬುಕಾನನ್ ಮದರಾಸಿನಿಂದ ಹೊರಟು ಊರೂರು ಸುತ್ತಿ ಬೆಳೆ, ಜಾತಿ, ನೇಗಿಲು, ಗೊಬ್ಬರ ಎಲ್ಲಾ ಬರೆದುಕೊಂಡ. ಅದೇ 1800ರ ಕೊನೆಗೆ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ನೆಲದ ಮೇಲೆ ಸರಪಳಿ ಹಾಸಿ ಮೊದಲ ಆಧಾರರೇಖೆ ಅಳೆದ. ಎರಡು ವರ್ಷದ ಮೇಲೆ, 1802ರಲ್ಲಿ, ಮದರಾಸಿನಲ್ಲಿ ಅಳೆದ ಏಳೂವರೆ ಮೈಲಿ ಗೆರೆಯಿಂದ ಮಹಾ ತ್ರಿಕೋನಮಿತಿ ಸರ್ವೆ ಶುರುವಾಯಿತು. ತ್ರಿಕೋನದ ಪಕ್ಕಕ್ಕೆ ತ್ರಿಕೋನ ಕಟ್ಟಿಕೊಂಡು ಹೋಗಿ ಹಿಮಾಲಯ ಮುಟ್ಟಿತು. ಈ ಲ್ಯಾಂಬ್ಟನ್ ಬಗ್ಗೆ ಒಂದು ಕತೆ ಇದೆ. 1799ರ ಯುದ್ಧದಲ್ಲಿ ಒಂದು ರಾತ್ರಿ ದಂಡು ದಾರಿ ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿತ್ತಂತೆ. ಇವನು ನಕ್ಷತ್ರ ನೋಡಿ, ಸ್ವಾಮಿ ನಾವು ದಕ್ಷಿಣಕ್ಕಲ್ಲ ಉತ್ತರಕ್ಕೆ ಹೋಗ್ತಿದೀವಿ ಅಂದನಂತೆ. ದಿಕ್ಕು ತಿಳಿದವನಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಅವನ ಕೋನ ಅಳೆಯುವ ಯಂತ್ರ ಅರ್ಧ ಟನ್ ತೂಗುತ್ತಿತ್ತು. ಅದು ತಾನಾಗಿ ಬೆಟ್ಟ ಹತ್ತಲಿಲ್ಲ. ಗುಡ್ಡದ ನೆತ್ತಿಗೆ ಹೊತ್ತವರು, ಗೆರೆಗೆ ಅಡ್ಡ ಬಂದ ಮರ ಕಡಿದವರು, ಗುಡಾರ ನೆಟ್ಟವರು, ಈ ಹಳ್ಳ ಆ ಊರಿನದು ಅಂತ ತೋರಿಸಿದವರು, ಅವರ ಹೆಸರಿಲ್ಲ. ಕಾಲಿನ್ ಮೆಕೆಂಜಿಗೆ ಶಾಸನ, ಕೈಫಿಯತ್ತು ಕೂಡಿಸಿಕೊಟ್ಟ ಕಾವಲಿ ಬೊರಯ್ಯ, ಕಾವಲಿ ಲಕ್ಷ್ಮಯ್ಯ ಅನ್ನೋ ಬ್ರಾಹ್ಮಣ ಸೋದರರ ಹೆಸರು ಉಳಿದಿದೆ, ಉಳಿಯಲಿ. ದಾರಿ ತೋರಿಸಿದ ತೋಟಿಯ ಹೆಸರು ಯಾವ ಕಡತದಲ್ಲಿದೆ?

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇವೆ. ಎವರೆಸ್ಟಿನ ಎತ್ತರ 8848 ಮೀಟರ್ ಅಂತ ನಮ್ಮ ಕೈಲಿ ಬಾಯಿಪಾಠ ಮಾಡಿಸಿದರು (2020ರಲ್ಲಿ ಅದು 8848.86 ಆಯಿತು). 1852ರಲ್ಲಿ ಅದೇ ಎಲ್ಲಕ್ಕಿಂತ ಎತ್ತರದ ಶಿಖರ ಅಂತ ಲೆಕ್ಕ ಕಟ್ಟಿದವರು ರಾಧಾನಾಥ ಸಿಕ್ದಾರ್ ಎಂಬ ಬಂಗಾಳಿ, ಹೆಸರು ಇಟ್ಟದ್ದು ಮಾತ್ರ ನಿವೃತ್ತಿಯಾಗಿ ಹೋಗಿದ್ದ ದೊರೆಯದು. ಇಷ್ಟು ಈಚೆಗೆ ಎಲ್ಲರೂ ಹೇಳುತ್ತಾರೆ. ಹೇಳದೇ ಇರುವುದು ಇನ್ನೊಂದು. ಅದೇ ಸಿಕ್ದಾರ್ 1843ರಲ್ಲಿ ಡೆಹ್ರಾಡೂನಿನಲ್ಲಿ, ಸರ್ವೆ ಇಲಾಖೆಯ ಕೂಲಿಗಳನ್ನು ಅಲ್ಲಿನ ಮ್ಯಾಜಿಸ್ಟ್ರೇಟ್ ತನ್ನ ಚಾಕರಿಗೆ ದುಡಿಸಿಕೊಂಡದ್ದಕ್ಕೆ ತಡೆದು ನಿಂತರು. ಕೋರ್ಟು ಅವರಿಗೇ 200 ರೂಪಾಯಿ ದಂಡ ಹಾಕಿತು. ಶಿಖರದ ಲೆಕ್ಕಕ್ಕಿಂತ ಈ 200 ರೂಪಾಯಿಯ ಲೆಕ್ಕಕ್ಕೆ ನಾವು ಅವರನ್ನು ಮೆಚ್ಚುತ್ತೇವೆ. ಬಿಟ್ಟಿ ಚಾಕರಿ ಅಂದರೇನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಇನ್ನೊಬ್ಬ ಮೆಕೆಂಜಿ. ಜೆ.ಎಸ್.ಎಫ್. ಮೆಕೆಂಜಿ ಅಂತ, ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದವನು. 1873ರಲ್ಲಿ 'ಇಂಡಿಯನ್ ಆಂಟಿಕ್ವರಿ' ಎಂಬ ಪತ್ರಿಕೆಯಲ್ಲಿ ಹೊಲೆಯರ ಬಗ್ಗೆ ನಾಲ್ಕಾರು ಪುಟ ಬರೆದ. ಆಮೇಲೆ ಥರ್ಸ್ಟನ್ 1909ರ ತನ್ನ ಏಳು ಸಂಪುಟದ ಪುಸ್ತಕಕ್ಕೆ ಅದನ್ನು ಎತ್ತಿಕೊಂಡ. ಊರಿನ ಎಲ್ಲೆಯ ತಕರಾರು ಬಂದಾಗ ಕೊನೆಯ ಮಾತು ಯಾರದು ಅನ್ನೋದು ಅದರಲ್ಲಿದೆ. ಪಟೇಲನದಲ್ಲ, ಶಾನುಭೋಗನದಲ್ಲ. ಕುಳುವಾಡಿಯದು. ಹೊಲಗೇರಿಯ ಕುಳುವಾಡಿ ಆ ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರು ತುಂಬಿ, ತಲೆಯ ಮೇಲಿಟ್ಟುಕೊಂಡು ಗಡಿಯ ಮೇಲೆ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ನಿಲ್ಲುತ್ತದೆ. ತಪ್ಪಿ ಒಂದು ಹೆಜ್ಜೆ ಆಚೆ ಇಟ್ಟರೂ ಉಂಡೆ ತಾನಾಗಿ ಒಡೆದು ಹೋಗುತ್ತದೆ, ಅವನು ಹದಿನೈದು ದಿನದಲ್ಲಿ ಸಾಯುತ್ತಾನೆ, ಮನೆ ಹಾಳು ಬೀಳುತ್ತದೆ. ಇದು ನಂಬಿಕೆ.

ಇದನ್ನು ಓದಿದ ದಿನ ನಾವು ಪುಸ್ತಕ ಮುಚ್ಚಿಟ್ಟು ಲೈಬ್ರರಿಯ ಹೊರಗೆ ಬಂದು ಕೂತೆವು. ಊರಿನ ನಕ್ಷೆ ನಮ್ಮ ತಲೆಯ ಮೇಲಿತ್ತು. ಊರೊಳಗೆ ಬಿಟ್ಟುಕೊಳ್ಳದ ಊರು, ಊರೆಂದರೆ ಎಲ್ಲಿಂದ ಎಲ್ಲಿಗೆ ಅಂತ ತಿಳಿಯುವುದಕ್ಕೆ ನಮ್ಮ ಹತ್ತಿರ ಬರಬೇಕಾಗಿತ್ತು. ಅದೇ ಊರಿನ ಸ್ಕೂಲು ನಮಗೆ ನಕ್ಷೆ ಬರೆಯೋಕೆ ಬರಲ್ಲ ಅಂತ ಹತ್ತಕ್ಕೆ ಎರಡು ಕೊಟ್ಟಿತು.

ಇದನ್ನು ಓದಿ ಬರೀ ಹೆಮ್ಮೆ ಪಟ್ಟುಕೊಳ್ಳುವವರೂ ನಮ್ಮಲ್ಲಿದ್ದಾರೆ. ನೋಡ್ರಪ್ಪಾ, ಒಂದು ಕಾಲದಲ್ಲಿ ನೆಲ ಎಲ್ಲಾ ನಮ್ದೇ, ಹೊಲದಿಂದಲೇ ಹೊಲೆಯ ಅಂತ ಬಂದಿದ್ದು ಅನ್ನುತ್ತಾರೆ. ಇರಬಹುದು. ಆದರೆ ಆ ಹದಿನೈದು ದಿನದ ಸಾವನ್ನು ಮರೆಯಬಾರದು. ತಪ್ಪು ಹೇಳಿದರೆ ಸಾಯುವವನು ಕುಳುವಾಡಿ. ಗಡಿ ಗೆದ್ದರೆ ಹೊಲ ಸಿಗುವುದು ಬೇರೆಯವನಿಗೆ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲೂ ಎಲ್ಲೆ ತಕರಾರಿನ ಭಾಗ ಒಂದಿದೆ. ಸಾಕ್ಷಿ ಹೇಳುವವರು ತಲೆಯ ಮೇಲೆ ಮಣ್ಣಿಟ್ಟುಕೊಂಡು, ಕೆಂಪು ಬಟ್ಟೆ ಉಟ್ಟು, ಕೆಂಪು ಹೂ ಮುಡಿದು ಗಡಿ ಗೊತ್ತು ಮಾಡಬೇಕು. ಸಾಕ್ಷಿ ಸಿಗದಿದ್ದರೆ ಬೇಡರನ್ನು, ದನ ಕಾಯುವವರನ್ನು, ಮೀನು ಹಿಡಿಯುವವರನ್ನು, ಗೆಡ್ಡೆಗೆಣಸು ಅಗೆಯುವವರನ್ನು, ಹಾವು ಹಿಡಿಯುವವರನ್ನು ಕೇಳಬೇಕು. ಯಾರ ಕಾಲು ನೆಲದ ಮೇಲಿದೆ ಅಂತ ಮನುವಿಗೂ ಗೊತ್ತಿತ್ತು. ಗೊತ್ತಿದ್ದೂ ಹತ್ತನೇ ಅಧ್ಯಾಯದಲ್ಲಿ ಚಂಡಾಲನ ಮನೆ ಊರ ಹೊರಗಿರಲಿ ಅಂದ. ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಸುಮ್ಮನೆ ಅಲ್ಲ.

ಅದೇ ಮೆಕೆಂಜಿ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ಹೊಲಗೇರಿಯೊಳಗೆ ಹಾದು ಬಂದರೆ ತನಗೆ ಅದೃಷ್ಟ ಅಂತ ಬ್ರಾಹ್ಮಣ ನಂಬಿದ್ದನಂತೆ. ಕೇರಿಯವರು ಅದಕ್ಕೆ ಒಪ್ಪದೆ, ಒಳಗೆ ಬಂದವನನ್ನು ಗುಂಪು ಕಟ್ಟಿಕೊಂಡು ಬಂದು ಎಕ್ಕಡದಲ್ಲಿ ಹೊಡೆಯುತ್ತಿದ್ದರಂತೆ. ಕೇರಿಗೂ ಒಂದು ಗಡಿ ಇತ್ತು, ಅದನ್ನು ಕೇರಿಯವರೇ ಕಾಯುತ್ತಿದ್ದರು. ನಮ್ಮ ಹಟ್ಟಿಯ ಮುದುಕಿಯರಿಗೆ ಇದನ್ನು ಓದಿ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು.

ಮೈಸೂರಿನಲ್ಲಿ ಕಂದಾಯದ ಸರ್ವೆ ಶುರುವಾದದ್ದು 1863ರಲ್ಲಿ, ಮುಂಬಯಿ ಪದ್ಧತಿಯ ಮೇಲೆ. ಆವತ್ತಿಂದ ಕುಳುವಾಡಿಯ ಮಣ್ಣಿನ ಉಂಡೆಯ ಜಾಗಕ್ಕೆ ಸರಪಳಿ ಬಂತು. ಒಂದು ಸರಪಳಿ 33 ಅಡಿ, ಹದಿನಾರು ಆಣೆ. ಸರಪಳಿ ಉದ್ದ ಸರಪಳಿ ಅಗಲ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಈ ಲೆಕ್ಕವನ್ನು ನಮ್ಮ ತಾತ ಅಕ್ಷರ ಬಾರದೆ ಬಾಯಲ್ಲೇ ಮಾಡುತ್ತಿದ್ದರು. ಅವರು ತೋಟಿ. ಸರ್ವೆಯವರು ಬಂದರೆ ಸರಪಳಿಯ ಒಂದು ತುದಿ ಅವರ ಕೈಯಲ್ಲಿ. ತರಿ, ಖುಷ್ಕಿ, ಬಾಗಾಯ್ತು, ಕರಾಬು, ಗೋಮಾಳ, ಗುಂಡುತೋಪು, ಕೆರೆಯಂಗಳ, ಯಾವ ನಂಬರು ಎಲ್ಲಿ ಮುಗಿಯುತ್ತದೆ, ಬಾಂದುಕಲ್ಲು ಯಾವ ಬದುವಿನ ಕೆಳಗಿದೆ, ಎಲ್ಲಾ ಕಾಲಿಗೆ ಗೊತ್ತಿತ್ತು. ಶಾನುಭೋಗರು ಮರದ ನೆರಳಿಗೆ ಕೂತು ಬರೆದುಕೊಳ್ಳುತ್ತಿದ್ದರು. ಸರಪಳಿಯ ಬೆಲೆ ನೆರಳಿಗೆ ಹೋಯಿತು.

ಆ ಸರ್ವೆಯಿಂದ ಹುಟ್ಟಿದ ಗ್ರಾಮನಕ್ಷೆಯನ್ನು ತಾಲ್ಲೂಕು ಕಛೇರಿಯಲ್ಲಿ ದುಡ್ಡು ಕಟ್ಟಿ ತೆಗೆಸಿ ನೋಡಿದೆವು. ಹೊಲಕ್ಕೆಲ್ಲ ನಂಬರುಂಟು. ನಡುವೆ ಒಂದು ಖಾಲಿ ತುಂಡು, ಅದರ ಮೇಲೆ 'ಗ್ರಾಮಠಾಣ'. ಜನ ಇರುವ ಜಾಗಕ್ಕೆ ಕಂದಾಯ ಇಲ್ಲ, ಆದ್ದರಿಂದ ಅಳತೆಯೂ ಇಲ್ಲ. ನಾವು ಆರನೇ ಕ್ಲಾಸಿನಲ್ಲಿ ಸುತ್ತಿದ ಸೊನ್ನೆಯೇ ಅದು! ಸರ್ಕಾರಕ್ಕೆ ಯಾರೂ ಹತ್ತಕ್ಕೆ ಎರಡು ಕೊಟ್ಟಿಲ್ಲ. ಕೇರಿ ಅದರೊಳಗೂ ಇಲ್ಲ. ಗ್ರಾಮಠಾಣದ ಗೆರೆಯ ಆಚೆ, ಒಂದು ಕರಾಬಿನ ಮೇಲೆ ಕೂತಿದ್ದೇವೆ. 2020ರಲ್ಲಿ ಕೇಂದ್ರ ಸರ್ಕಾರ ಸ್ವಾಮಿತ್ವ ಅಂತ ಹೆಸರಿಟ್ಟು ಊರೊಳಗಿನ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯಲು ಹೊರಟಿತು. ಡ್ರೋನಿಗೆ ಜಾತಿ ಇಲ್ಲ ಅಂತ ಗೆಳೆಯನೊಬ್ಬ ಹೇಳಿದ. ಡ್ರೋನಿಗಿಲ್ಲ. ಆದರೆ ಅದು ಹಾರುವ ಮೊದಲು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಬೇಕು. ಆ ಗೆರೆ ಹಾಕಿಸುವಾಗ ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಅನ್ನೋದರ ಮೇಲೆ ಇರುತ್ತದೆ.

ಸ್ಕೂಲಿನ ಮಾತಿಗೆ ಬರೋಣ. ಭೂಗೋಳ ಕಲಿಯುವುದಕ್ಕೆ ಮೊದಲು ಕ್ಲಾಸಿನೊಳಗೆ ಹೋಗಬೇಕಲ್ಲ. 1855ರಲ್ಲಿ ಪುಣೆಯ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾಬಾಯಿ ಎಂಬ ಮಾಂಗ್ ಹುಡುಗಿ 'ಜ್ಞಾನೋದಯ' ಪತ್ರಿಕೆಯಲ್ಲಿ ಮಾಂಗ ಮಹಾರರ ದುಃಖದ ಬಗ್ಗೆ ಬರೆದಳು. ನಮ್ಮನ್ನು ನೆಲದಿಂದ ಓಡಿಸಿದಿರಿ, ನಿಮ್ಮ ಕಟ್ಟಡಗಳ ಅಡಿಪಾಯಕ್ಕೆ ಹಾಕಿ ಮುಚ್ಚಿದಿರಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ಮಾರನೇ ವರ್ಷ, 1856ರ ಜೂನಿನಲ್ಲಿ, ನಮ್ಮ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಆಗ ಧಾರವಾಡ ಮುಂಬಯಿ ಸರ್ಕಾರಕ್ಕೆ ಸೇರಿತ್ತು. ಸರ್ಕಾರ ಯೋಚನೆ ಮಾಡಿ ಹೇಳಿತು: ನ್ಯಾಯ ಹುಡುಗನ ಕಡೆ ಇದೆ, ನಿಜ. ಆದರೆ ಒಬ್ಬನನ್ನು ಒಳಗೆ ಬಿಟ್ಟರೆ ಮಿಕ್ಕವರೆಲ್ಲ ಹೊರಗೆ ಹೋಗುತ್ತಾರೆ, ಶಾಲೆಯೇ ನಿಷ್ಪ್ರಯೋಜಕವಾಗುತ್ತದೆ. ಆದ್ದರಿಂದ ಆಗುವುದಿಲ್ಲ. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗಕ್ಕೂ ಅಂತ ಬರೆದು ಕಳಿಸಿದರು. ಕಾಗದ ಬಂತು, ಬಾಗಿಲು ತೆರೆಯಲಿಲ್ಲ. ಈ ಹುಡುಗನ ಕತೆಯನ್ನು ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಎತ್ತಿ ಹೇಳಿದ್ದಾರೆ. ಅವರೇ ಸಾತಾರಾದ ಶಾಲೆಯಲ್ಲಿ ಮನೆಯಿಂದ ಗೋಣಿತಾಟು ತಂದು ಅದರ ಮೇಲೆ ಕೂತವರು. ಜವಾನ ಬಾರದ ದಿನ ಅವರಿಗೆ ನೀರಿಲ್ಲ. ಮೈಸೂರು ಸಂಸ್ಥಾನದಲ್ಲಿ 1868ರಿಂದಲೇ ಹೋಬಳಿ ಶಾಲೆಗಳು ಎದ್ದವು, ಸಾರ್ವಜನಿಕ ಶಾಲೆಗಳಿಗೆ ನಮ್ಮನ್ನೂ ಸೇರಿಸಿಕೊಳ್ಳಬೇಕು ಎಂಬ ಆಜ್ಞೆಗೆ 1915 ಬರಬೇಕಾಯಿತು.

ಧಾರವಾಡದ ಆ ಹುಡುಗ ಒಳಗೆ ಹೋಗಿದ್ದರೆ ಏನು ಕಲಿಯುತ್ತಿದ್ದ? ಪ್ರಾಯಶಃ ನಾವು ಕಲಿತದ್ದನ್ನೇ. ನಮ್ಮ ಕಾಲಕ್ಕೆ ಬಾಗಿಲು ತೆರೆದಿತ್ತು. ಗೋಣಿತಾಟು ಇರಲಿಲ್ಲ, ಬಿಸಿಯೂಟ ಇತ್ತು, ಊಟಕ್ಕೆ ಕೂರುವಾಗ ಸಾಲು ತಾನಾಗಿ ಎರಡಾಗುತ್ತಿತ್ತು. ಸ್ಕೂಲಿನಲ್ಲಿ ಒಂದು ಗೋಳ ಇತ್ತು, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಇನ್ಸ್‌ಪೆಕ್ಟರು ಬರುವ ದಿನ ತೆಗೆದರು. ಕಸ ಗುಡಿಸುವ ಸರದಿ ಯಾವಾಗಲೂ ನಮ್ಮದೇ ಆದ್ದರಿಂದ ಅದರ ಧೂಳು ಒರೆಸಲಿಕ್ಕೆ ನಮ್ಮನ್ನೇ ಕರೆದರು. ಹೀಗೆ ಇಡೀ ಸ್ಕೂಲಿಗೆ ಮೊದಲು ಪ್ರಪಂಚ ಮುಟ್ಟಿದವರು ನಾವು. ಒದ್ದೆ ಬಟ್ಟೆಯಲ್ಲಿ ಪೆಸಿಫಿಕ್ ಸಾಗರ ಒರೆಸಿದೆವು. ತಿರುಗಿಸಬ್ಯಾಡ್ರಲಾ, ಕಳಚ್ಕೋತದೆ ಅಂದರು. ತಿರುಗಿಸಿದೆವು. ಕಳಚಲಿಲ್ಲ.

ಕರ್ನಾಟಕದಲ್ಲಿ ಚಿನ್ನ ಎಲ್ಲಿ ಸಿಗುತ್ತದೆ? ಕೋಲಾರ ಮತ್ತು ಹಟ್ಟಿ. ಹಟ್ಟಿ ಅಂದ ಕೂಡಲೇ ನಮ್ಮವನೊಬ್ಬ ಎದ್ದು ನಿಂತು 'ನಮ್ಮ ಹಟ್ಟಿಲೂ ಐತಾ ಸಾ' ಅಂತ ಕೇಳಿ ಬೆನ್ನಿಗೆ ಗುದ್ದು ತಿಂದ. ಕೋಲಾರದ ಗಣಿ 2001ರ ಫೆಬ್ರವರಿ 28ರಂದೇ ಮುಚ್ಚಿ ಹೋಗಿತ್ತು, ನಮಗಿನ್ನೂ ಉತ್ತರ ಅದೇ. ಯಾರು ಅಗೆದರು ಅನ್ನೋ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಆ ಬಿಲಗಳಿಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ನಮ್ಮಂಥವರೇ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಆ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಬೆಳಕಲ್ಲಿ ಅಗೆದವರ ಎದೆಗೂಡಿನೊಳಗೆ ಕಲ್ಲಿನ ಪುಡಿ ತುಂಬಿ ಸಿಲಿಕೋಸಿಸ್ ಆಯಿತು. ಅಲ್ಲೇ ಮಾರಿಕುಪ್ಪದಲ್ಲಿ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆಯೂ ಹುಟ್ಟಿತು. ಬಾಬಾಸಾಹೇಬರು ದೀಕ್ಷೆ ತೆಗೆದುಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಗಣಿಯ ಕೂಲಿಗಳು ಬುದ್ಧನ ಹೆಸರು ಹೇಳಿದ್ದರು. ಈ ಖನಿಜದ ಪಾಠ ನಮಗಾಗಲಿಲ್ಲ.

ಕಾಫಿ ಎಲ್ಲಿ ಬೆಳೆಯುತ್ತಾರೆ? ಕೊಡಗು, ಚಿಕ್ಕಮಗಳೂರು, ಹಾಸನ. ಈ ಪ್ರಶ್ನೆಗೆ ಕೇರಿಯ ಮಕ್ಕಳೆಲ್ಲ ಕೈ ಎತ್ತಿದೆವು. ಯಾಕೆಂದರೆ ಹಣ್ಣು ಕೊಯ್ಯುವ ಕಾಲಕ್ಕೆ ನಮ್ಮವ್ವ ಅಪ್ಪಂದಿರು ಗುಂಪು ಕಟ್ಟಿಕೊಂಡು ಘಟ್ಟಕ್ಕೆ ಹೋಗುತ್ತಿದ್ದರು. ಎಲ್ಲಿ ಲಾರಿ ಹತ್ತಬೇಕು, ಯಾವ ತಿರುವಿನಲ್ಲಿ ಚಳಿ ಶುರುವಾಗುತ್ತದೆ, ಯಾವ ತೋಟದ ರೈಟರು ತೂಕದಲ್ಲಿ ಹೊಡೆಯುತ್ತಾನೆ, ಎಲ್ಲಾ ಕೇಳಿ ಕೇಳಿ ಗೊತ್ತಿತ್ತು. ಮಳೆಗಾಲದಲ್ಲೂ ಉಳಿದವರು ಇಂಬಳ ಕಚ್ಚಿದ ಕಾಲಲ್ಲಿ ವಾಪಸ್ಸು ಬರುತ್ತಿದ್ದರು. ಆ ಕಾಲೇ ನಮ್ಮ ಅಟ್ಲಾಸು. ಆದರೆ ಪರೀಕ್ಷೆಯಲ್ಲಿ ಕೇಳಿದ್ದು ಕಾಫಿಗೆ ಎಷ್ಟು ಮಿಲಿಮೀಟರ್ ಮಳೆ ಬೇಕು ಅಂತ. ನಾವು ಬರೆದಿದ್ದು 'ಬಹಳ'. ಅದಕ್ಕೂ ಸೊನ್ನೆ.

ಭೂಗೋಳ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮ ಗೆಳೆಯರು ಕೆಲವರು, ಈ ಪುಸ್ತಕದ ವಿದ್ಯೆಯೇ ಬೂಸಾ, ಅನುಭವ ಒಂದೇ ಸಾಕು ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ತಾತನ ಕಾಲಿಗೆ ಎಲ್ಲಾ ಗೊತ್ತಿತ್ತು, ಓದಲು ಬಾರದ್ದಕ್ಕೆ ಅವರ ಹೆಬ್ಬೆಟ್ಟು ಎಲ್ಲೆಲ್ಲಿಗೋ ಬಿತ್ತು. ಟಿಪ್ಪಣಿ, ಆಕಾರಬಂದ್, ಪಹಣಿ ಓದಲು ಬಾರದವನ ಹೊಲ ಪ್ರತಿ ಮಳೆಗಾಲಕ್ಕೂ ಒಂದೊಂದು ಸಾಲು ಚಿಕ್ಕದಾಗುತ್ತದೆ. ಸ್ಕೇಲು ಅಂದರೇನು, ನಕ್ಷೆಯ ಒಂದು ಇಂಚಿಗೆ ನೆಲದ ಎಷ್ಟು ಅಡಿ ಅಂತ ಏಳನೇ ಕ್ಲಾಸಿನಲ್ಲಿ ಕಲಿತದ್ದು ನಮಗೆ ಉಪಯೋಗಕ್ಕೆ ಬಂದದ್ದು ಪರೀಕ್ಷೆಯಲ್ಲಲ್ಲ.

ತೋಟಿಕೆಗೆ ಅಂತ ನಮ್ಮ ಮನೆಗೆ ಒಂದೂವರೆ ಎಕರೆ ಇನಾಮು ಇತ್ತು. ಗ್ರಾಮ ಕಛೇರಿಗಳ ರದ್ದತಿ ಕಾಯ್ದೆ 1961ರದು, ಜಾರಿಯಾದದ್ದು 1963ರ ಫೆಬ್ರವರಿಯಲ್ಲಿ. ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆ ಎಲ್ಲಾ ಹೋಗಿ, ಇನಾಮು ಜಮೀನು ಸರ್ಕಾರಕ್ಕೆ ಸೇರಿ, ಹಣ ಕಟ್ಟಿದವರಿಗೆ ಮರುಮಂಜೂರಾಯಿತು. ಹಿರೇ ಕಛೇರಿಯವರಿಗೆ ಕಾಯ್ದೆ ಓದಲು ಬರುತ್ತಿತ್ತು, ಬೇಗ ಮಾಡಿಸಿಕೊಂಡರು. ತೋಟಿ ಇನಾಮುಗಳು ಎಷ್ಟೋ ಊರುಗಳಲ್ಲಿ ಸಾಲಕ್ಕೆ, ಕಾಯಿಲೆಗೆ, ಹೆಬ್ಬೆಟ್ಟಿಗೆ ಹೋದವು. 1978ರಲ್ಲಿ ಎರಡು ಕಡೆ ಬೇಲಿ ಬಿತ್ತು. ಈ ಕಾಯ್ದೆಗೆ ತಿದ್ದುಪಡಿ ಬಂತು, ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಮಾಡುವುದನ್ನು ತಡೆಯುವ ಪಿಟಿಸಿಎಲ್ ಕಾಯ್ದೆಯೂ ಬಂತು. ಬಹಳ ವರ್ಷದ ಮೇಲೆ ಕೇಸು ಹಾಕಿದ್ದೀರಿ ಅಂತ 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅರ್ಜಿಗಳು ಬೀಳತೊಡಗಿದವು. ನಮ್ಮವರು ಬೀದಿಗಿಳಿದು ಕೂತ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ಕಾಯ್ದೆಗೆ ಸೇರಿಸಿದರು.

ನಮ್ಮದು ಮಾರಿದ ಜಮೀನಲ್ಲ. ಮರುಮಂಜೂರಾಗಿ ಪಹಣಿಯಲ್ಲಿ ಒಂದು ಎಕರೆ ಇಪ್ಪತ್ತು ಗುಂಟೆ ಅಂತಲೇ ಇದೆ. ನೆಲದ ಮೇಲೆ ಅಷ್ಟಿಲ್ಲ. ಪಕ್ಕದ ಹೊಲದ ಬದು ನಡೆದುಕೊಂಡು ಬಂದಿತ್ತು. ಹದ್ದುಬಸ್ತಿಗೆ ಅರ್ಜಿ ಹಾಕಿದೆವು. ಸರ್ವೆಯವರು ಯಂತ್ರ ತಂದರು, ಮೂರು ಕಾಲಿನ ಮೇಲೆ ನಿಲ್ಲಿಸಿದರು, ಹಳೇ ಟಿಪ್ಪಣಿ ನೋಡಿದರು. ಮೂಲೆಯ ಬಾಂದುಕಲ್ಲು ಇರಲಿಲ್ಲ. ಪಕ್ಕದವರು, ಅಲ್ಲಿ ಕಲ್ಲು ಇದ್ದಿದ್ದೇ ಇಲ್ಲ ಅಂದರು.

ತಾತನಿಗೆ ಆಗ ಕಣ್ಣು ಅಷ್ಟು ಕಾಣುತ್ತಿರಲಿಲ್ಲ. ಮೂಡಲಿಗೆ ನಿಲ್ಸು ಮಗ ಅಂದರು. ಸೂರ್ಯನ ಬಿಸಿಲು ಮುಖಕ್ಕೆ ಬೀಳುವ ಹಾಗೆ ನಿಲ್ಲಿಸಿದೆವು. ಹತ್ತಿರದ ಹಳ್ಳದ ಬಂಡೆಯಿಂದ ಬಲಗೈ ಕಡೆಗೆ ತಿರುಗಿ ಹೆಜ್ಜೆ ಹಾಕಿದರು. ನಾಲ್ಕು ಸರಪಳಿ, ಆರು ಆಣೆ. ಬಾಯಲ್ಲೇ ಎಣಿಸಿದರು. ನಿಂತರು. ಅದು ಪಕ್ಕದವರ ಬದುವಿನಿಂದ ಹತ್ತು ಹನ್ನೆರಡು ಅಡಿ ಒಳಗೆ, ಅವರು ಉತ್ತಿದ್ದ ಸಾಲಿನ ನಡುವೆ. 'ಇಲ್ಲಿ ಅಗೀರಪ್ಪ, ಕಲ್ಲು ಕಿತ್ತಿರ್ತಾರೆ, ಅಡೀಲಿರೋದು ಕೀಳಾಕ್ ಆಗಕಿಲ್ಲ. ನಮ್ಮಪ್ಪ ಕಲ್ಲು ನೆಡುವಾಗ ತಳಕ್ಕೆ ಇದ್ದಿಲು ಸುರಿದಿದ್ದ' ಅಂದರು.

ಮೊಣಕಾಲಷ್ಟು ಅಗೆದಾಗ ಮಣ್ಣಿನ ಬಣ್ಣ ಬದಲಾಯಿತು. ಸರ್ವೆಯವರು ಬಗ್ಗಿ ನೋಡಿ, ಒಂದು ತುಂಡು ಎತ್ತಿಕೊಂಡು, ಬೆರಳಿಗೆ ಕಪ್ಪು ಹತ್ತುತ್ತದಾ ಅಂತ ತಿಕ್ಕಿದರು. ಹತ್ತಿತು. ಪಕ್ಕದವರು ಪಂಚನಾಮೆಗೆ ಸಹಿ ಹಾಕದೆ ಹೊರಟು ಹೋದರು. ನಾವು ಹಾಕಿದೆವು, ತಾತ ಹೆಬ್ಬೆಟ್ಟು ಒತ್ತಿದರು. ತಕರಾರು ಇನ್ನೂ ನಡೆಯುತ್ತಿದೆ. ಮುಂದಿನ ವಾಯಿದೆಗೆ ಒಂದು ನಕ್ಷೆ ಬರೆದುಕೊಂಡು ಬನ್ನಿ ಅಂತ ವಕೀಲರು ಹೇಳಿದ್ದಾರೆ. ಈ ಸಲ ದೊಡ್ಡ ಹಾಳೆ ತಂದಿದ್ದೇವೆ.